ಮೂರು ನಾಳೆಗಳ ಸೆಕ್ರೆಟರಿ

ಅವರ ಕೈಯಲ್ಲಿ ಸದಾ ಒಂದು ಕಪ್ಪು ಛತ್ರಿ ಇರುತ್ತಿತ್ತು ಎಂದು ಈ ಬರಹವನ್ನು ಶುರು ಮಾಡಿದ್ದೆ. ಒಂದು ಪುಟ ಮುಗಿದ ಮೇಲೆ ಯಾಕೋ ಅನುಮಾನ ಬಂದು ನಯಾಜ್‌ಗೆ ಫೋನ್ ಮಾಡಿ ಕೇಳಿದೆ. ನಯಾಜ್ ಕೋಲಾರದಲ್ಲಿ ಆಟೋ ಓಡಿಸುತ್ತಾನೆ. ಅವರನ್ನು ನನಗಿಂತ ಹತ್ತು ಹನ್ನೆರಡು ವರ್ಷ ಹೆಚ್ಚಿಗೆ ಬಲ್ಲವನು.

"ಛತ್ರೀನಾ? ಸೆಕ್ರೆಟರಿ ಹತ್ರನಾ?" ಎಂದು ನಕ್ಕ. "ಛತ್ರಿ ಹಿಡ್ಕೊಂಡು ಓಡಾಡ್ತಿದ್ದೋರು ನಿಮ್ಮ ಪ್ರಿನ್ಸಿಪಾಲ್ರು ಸಾರ್. ಸೆಕ್ರೆಟರಿ ತಲೆ ಮೇಲೆ ಟವಲ್ ಹಾಕ್ಕೊಂಡು ನೆನೀತಾ ಬರೋರು."

ಆ ಪುಟವನ್ನು ಹರಿದು ಹಾಕಿದೆ. ಆದರೆ ಛತ್ರಿ ಇನ್ನೂ ಕಣ್ಣ ಮುಂದಿನಿಂದ ಹೋಗಿಲ್ಲ. ಹಾಗಾಗಿ ಮುಂದೆ ಬರೆಯುವುದರಲ್ಲಿ ಯಾವುದು ನಾನು ಕಂಡದ್ದು, ಯಾವುದು ಯಾರೋ ಹೇಳಿ ನನ್ನದಾದದ್ದು ಎಂದು ಆದಷ್ಟು ಬಿಡಿಸಿ ಹೇಳಲು ನೋಡುತ್ತೇನೆ. ಎಲ್ಲ ಕಡೆ ಆಗುತ್ತದೆಂಬ ಭರವಸೆ ಇಲ್ಲ.

ಅವರು ನಾನು ಅತಿಥಿ ಉಪನ್ಯಾಸಕನಾಗಿದ್ದ ಕಾಲೇಜಿನಲ್ಲಿ ಗುಮಾಸ್ತರಾಗಿದ್ದರು. ಕಾಲೇಜಿನ ಹೊರಗೆ, ಕೋಲಾರದ ಒಂದು ಹಳೆಯ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ. ಎರಡನೆಯದಕ್ಕೆ ಸಂಬಳವಿರಲಿಲ್ಲ, ಆದರೆ ಊರಿನಲ್ಲಿ ಅವರು ಉಳಿದದ್ದು ಎರಡನೆಯದರಿಂದಲೇ. ಎಲ್ಲರಿಗೂ ಅವರು ಸೆಕ್ರೆಟರಿ. ಅವರ ಹೆಂಡತಿ ಒಮ್ಮೆ ಕಾಲೇಜಿಗೆ ಫೋನ್ ಮಾಡಿ "ಸೆಕ್ರೆಟರಿ ಇದಾರಾ?" ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. ಹೋದ ತಿಂಗಳು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಹೆಸರು ಬರೆದರೆ ಅವರಿಗೆ ಸಲ್ಲದ ಒಂದು ಮಾತನ್ನೂ ಅದರ ಪಕ್ಕದಲ್ಲೇ ಬರೆಯಬೇಕಾಗುತ್ತದೆ.

ಕಾಲೇಜಿನಲ್ಲಿ ಅವರ ಕೆಲಸ ಟಿ.ಸಿ. ಕೊಡುವುದು. ಯಾರೇ ಬಂದು ಟಿ.ಸಿ. ಕೇಳಲಿ, ಅರ್ಜಿ ಇಸಿದುಕೊಂಡು, ಅದರ ಮೇಲೆ ಒಂದು ನಂಬರು ಹಾಕಿ "ನಾಳೆ ಬಾ" ಎನ್ನುತ್ತಿದ್ದರು. ಮರುದಿನ ಬಂದರೆ ಮತ್ತೆ "ನಾಳೆ ಬಾ." ಅದರ ಮರುದಿನವೂ ಹಾಗೆಯೇ. ಅರ್ಜಿ ಕೊಟ್ಟ ದಿನದಿಂದ ಮೂರನೆಯ ನಾಳೆಗೆ ಸರಿಯಾಗಿ ಟಿ.ಸಿ. ಬರೆದು, ಮೊಹರು ಒತ್ತಿ, ಕಿಟಕಿಯಲ್ಲಿ ಇಟ್ಟಿರುತ್ತಿದ್ದರು. ಒಂದು ದಿನ ಹೆಚ್ಚಿಲ್ಲ, ಒಂದು ದಿನ ಕಡಿಮೆಯಿಲ್ಲ. ಶಾಸಕರ ಕಡೆಯವರು ಬಂದರೂ ಅಷ್ಟೇ, ಅವರ ಸ್ವಂತ ಷಡ್ಡಕನ ಮಗ ಬಂದರೂ ಅಷ್ಟೇ.

ಮೊದಲು ನಾನು ಇದನ್ನು ಲಂಚದ ಪೀಠಿಕೆ ಎಂದುಕೊಂಡಿದ್ದೆ. ಹಾಗಿರಲಿಲ್ಲ. ಒಂದು ಸಲ ಕೇಳಿಯೇಬಿಟ್ಟೆ.

"ಬಿಟ್ಟು ಹೋಗ್ತೀನಿ ಅಂತ ಬರೋರಲ್ಲಿ ಅರ್ಧ ಜನ ಕೋಪದಲ್ಲಿ ಬಂದಿರ್ತಾರೆ ಮೇಷ್ಟ್ರೇ," ಎಂದರು. "ಮೂರನೇ ದಿನಾನೂ ಬಂದ್ರೆ, ನಿಜವಾಗ್ಲೂ ಹೋಗೋನೇ."

ಮುಳಬಾಗಿಲಿನ ಕಡೆಯ ಒಬ್ಬಳು ಹುಡುಗಿ ಮನೆಯಲ್ಲಿ ಜಗಳವಾಡಿ ಬಂದು ಟಿ.ಸಿ. ಕೇಳಿದವಳು, ಎರಡನೆಯ ನಾಳೆಗೆ ಬರಲೇ ಇಲ್ಲ. ಅವಳ ಅರ್ಜಿಯನ್ನು ಅವರು ಯಾರಿಗೂ ತೋರಿಸದೆ ಫೈಲಿನಲ್ಲೇ ಬಿಟ್ಟರು. ಅವಳು ಡಿಗ್ರಿ ಮುಗಿಸಿದಳು. ಇದನ್ನು ಅವರ ಹೊಗಳಿಕೆಗೆ ಎಲ್ಲರೂ ಹೇಳುತ್ತಾರೆ. ಬೇರೆ ಕಾಲೇಜಿನಲ್ಲಿ ಸೀಟು ಸಿಕ್ಕಿಯೂ ಟಿ.ಸಿ. ಎರಡು ದಿನ ತಡವಾಗಿ ಕಳೆದುಕೊಂಡ ಒಬ್ಬ ಹುಡುಗನೂ ಇದ್ದ. ಅವನ ವಿಷಯ ಯಾರೂ ಹೇಳುವುದಿಲ್ಲ; ನಾನು ಹೇಳುತ್ತಿದ್ದೇನೆ. ಆ ನಿಯಮ ಒಳ್ಳೆಯದೋ ಕೆಟ್ಟದ್ದೋ ಎಂಬುದು ನನಗೆ ಇವತ್ತಿಗೂ ಇತ್ಯರ್ಥವಾಗಿಲ್ಲ. ಅದು ಎಲ್ಲರಿಗೂ ಒಂದೇ ಆಗಿತ್ತು ಎಂಬುದಷ್ಟೇ ಗೊತ್ತು.

ಕ್ಲಬ್ಬಿಗೂ ಅದೇ ನಿಯಮ. ಜಿಲ್ಲಾ ಲೀಗಿನಲ್ಲಿ ಒಬ್ಬ ಆಟಗಾರ ಒಂದು ಕ್ಲಬ್ಬು ಬಿಟ್ಟು ಇನ್ನೊಂದಕ್ಕೆ ಹೋಗಬೇಕಾದರೆ ಹಳೆಯ ಕ್ಲಬ್ಬಿನ ಕಾರ್ಯದರ್ಶಿ ಬಿಡುಗಡೆ ಪತ್ರ ಕೊಡಬೇಕು. ಅದಕ್ಕೆ ವರ್ಷಕ್ಕೊಮ್ಮೆ ಹದಿನೈದು ದಿನ ಅವಕಾಶ. ಆ ಹದಿನೈದು ದಿನ ಮುಗಿದರೆ ಮುಂದಿನ ವರ್ಷದವರೆಗೆ ಯಾರೂ ಎಲ್ಲಿಗೂ ಹೋಗುವಂತಿಲ್ಲ. ಬಿಡುಗಡೆ ಕೇಳಿ ಬಂದ ಅರ್ಜಿಯನ್ನೂ ಅವರು ಕ್ಲಬ್ಬಿನ ಆವಕ ಪುಸ್ತಕದಲ್ಲಿ ಬರೆದುಕೊಂಡು "ನಾಳೆ ಬಾ" ಎನ್ನುತ್ತಿದ್ದರು. ಮೂರನೆಯ ನಾಳೆಯವರೆಗೆ ಆ ವಿಷಯ ಮೂರನೆಯವರಿಗೆ ಗೊತ್ತಾಗುತ್ತಿರಲಿಲ್ಲ.

ಆ ಆವಕ ಪುಸ್ತಕವನ್ನು ನಾನು ಒಂದು ಮಧ್ಯಾಹ್ನ ಕೂತು ಓದಿದ್ದೇನೆ. ಮೊದಲ ಪುಟಗಳಲ್ಲೆಲ್ಲ ಕ್ಲಬ್ಬಿಗೆ ಸೇರಿಸಿಕೊಳ್ಳಿ ಎಂದು ಬಂದ ಅರ್ಜಿಗಳು: ಕೆಜಿಎಫ್‌ನಿಂದ, ಬಂಗಾರಪೇಟೆಯಿಂದ, ಗಡಿಯಾಚೆ ಮದನಪಲ್ಲಿಯಿಂದ. ನಡುವಿನ ಪುಟಗಳಲ್ಲಿ ಸೇರುವವರೂ ಬಿಡುವವರೂ ಸಮಸಮ. ಕೊನೆಯ ಪುಟಗಳಲ್ಲಿ ಬಿಡುಗಡೆ, ಬಿಡುಗಡೆ, ಬಿಡುಗಡೆ. ಆಮೇಲೆ ಅದೂ ಕಡಿಮೆ, ಏಕೆಂದರೆ ಬಿಡುವುದಕ್ಕೆ ಯಾರೂ ಉಳಿದಿರಲಿಲ್ಲ.

ಆದರೂ ಪ್ರತಿ ವರ್ಷ ಆ ಹದಿನೈದು ದಿನ ಮೈದಾನದ ಎದುರಿನ ನಾರಾಯಣಪ್ಪನ ಟೀ ಅಂಗಡಿಯಲ್ಲಿ ಸಂಜೆ ಆರಕ್ಕೆ ಸಭೆ ಸೇರುತ್ತಿತ್ತು. ಈ ವರ್ಷ ಯಾರನ್ನು ತರಬೇಕು ಎಂಬುದೇ ವಿಷಯ. ಸೇರುತ್ತಿದ್ದವರು ಆಟಗಾರರಲ್ಲ, ಅಭಿಮಾನಿಗಳು: ನಯಾಜ್, ಮಂಡಿಯಿಂದ ಟೊಮೇಟೊ ಹರಾಜು ಮುಗಿಸಿ ಬರುವ ನಾಲ್ಕೈದು ಜನ, ಅಂಗಡಿಯ ನಾರಾಯಣಪ್ಪ, ನಾನು. ಸೆಕ್ರೆಟರಿ ಮೂಲೆಯ ಬೆಂಚಿನಲ್ಲಿ ಕೂತು, ಹಳೆಯ ಉತ್ತರಪತ್ರಿಕೆಯ ಖಾಲಿ ಹಾಳೆಯಲ್ಲಿ ಎರಡು ಕಾಲಂ ಎಳೆದುಕೊಳ್ಳುತ್ತಿದ್ದರು. ಎಡಗಡೆ ಆಟಗಾರನ ಹೆಸರು. ಬಲಗಡೆಯ ಕಾಲಮ್ಮಿಗೆ ಅವರು ಇಟ್ಟ ಹೆಸರು 'ಯಾಕೆ ಬರಬೇಕು?'

ನಾವು ಒಬ್ಬನ ಹೆಸರು ಹೇಳಿ ಅವನ ಎಡಗಾಲನ್ನು ಹತ್ತು ನಿಮಿಷ ವರ್ಣಿಸಿದರೆ, ಅವರು ಕೇಳಿ, ಬರೆದುಕೊಂಡು, ಕನ್ನಡಕದ ಮೇಲಿನಿಂದ ನೋಡಿ "ನಮಗೆ ಅವನು ಯಾಕೆ ಬೇಕು ಅಂತ ಹೇಳಿದ್ರಿ. ಅವನಿಗೆ ನಾವು ಯಾಕೆ ಬೇಕು?" ಎನ್ನುತ್ತಿದ್ದರು. ಬಲಗಡೆಯ ಕಾಲಂ ತುಂಬಿದ್ದನ್ನು ನಾನು ಕಂಡಿಲ್ಲ. ಒಂದು ವರ್ಷ ಒಬ್ಬನ ಎದುರಿಗೆ 'ಮಾವನ ಮನೆ ಕೋಲಾರ' ಎಂದಿತ್ತು. ಅವನು ಬಂದ. ಎರಡು ಮ್ಯಾಚ್ ಆಡಿ, ಮಾವನ ಜೊತೆ ಜಗಳವಾಡಿ ಹೋದ.

ಆಟಗಾರನನ್ನು ಕೇಳುವುದಕ್ಕೂ ಅವರದೊಂದು ಕ್ರಮವಿತ್ತು. ಮೈದಾನದಲ್ಲಿ ಕೇಳುತ್ತಿರಲಿಲ್ಲ. ಮನೆಗೆ ಹೋಗಿ, ತಾಯಿಯನ್ನು ಕೇಳುತ್ತಿದ್ದರು. ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು ಇಟ್ಟು, ಹೆಣ್ಣು ಕೇಳಲು ಹೋದವರ ಹಾಗೆ ಚಾಪೆಯ ಮೇಲೆ ಕೂತು. ಒಮ್ಮೆ ಆವನಿಯ ಒಂದು ಮನೆಯಲ್ಲಿ ಅವರು ವಿಷಯಕ್ಕೆ ಬರುವಷ್ಟರಲ್ಲಿ, ಆಟಗಾರನ ಅಕ್ಕನಿಗೆ ಸೀರೆ ಉಡಿಸಿ, ಕೈಗೆ ಉಪ್ಪಿಟ್ಟಿನ ತಟ್ಟೆ ಕೊಟ್ಟು ಎದುರಿಗೆ ತಂದು ನಿಲ್ಲಿಸಿದ್ದರಂತೆ. ಸೆಕ್ರೆಟರಿ ಉಪ್ಪಿಟ್ಟು ತಿಂದು, ಎದ್ದು, ಒಂದು ಮಾತೂ ಆಡದೆ ಬಂದು, ಆ ಹುಡುಗಿಗೆ ನಿಜವಾಗಿಯೇ ಒಂದು ವರನನ್ನು ಹುಡುಕಿಕೊಟ್ಟ ಮೇಲೆ ತಮ್ಮನನ್ನು ಕೇಳಿದರಂತೆ. ಇದು ನಯಾಜ್ ಹೇಳಿದ್ದು. ನಾನು ಅಲ್ಲಿರಲಿಲ್ಲ. ಉಪ್ಪಿಟ್ಟಿನವರೆಗೆ ನಂಬುತ್ತೇನೆ.

ಯಲ್ದೂರಿಗೆ ಮಾತ್ರ ನಾನೇ ಅವರನ್ನು ಬೈಕಿನಲ್ಲಿ ಕರೆದುಕೊಂಡು ಹೋದೆ. ಮುನಿಕೃಷ್ಣ ಎಂಬ ಗೋಲ್‌ಕೀಪರನನ್ನು ಕೇಳುವುದಕ್ಕೆ. ಶ್ರೀನಿವಾಸಪುರದ ಮಾವಿನ ಮಂಡಿಯೊಂದರಲ್ಲಿ ಹಣ್ಣು ವಿಂಗಡಿಸುವ ಕೆಲಸ ಅವನಿಗೆ. ದೊಡ್ಡ ಕೈ, ಕಡಿಮೆ ಮಾತು. ತಂದೆ ಇರಲಿಲ್ಲ. ಅವನ ತಾಯಿ ಅಂಗಳದಲ್ಲಿ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಆಟ ಎಂದರೆ ಏನು ಕೊಡುತ್ತಾರೆ ಎಂದು ಕೇಳಿದರು. ಸೆಕ್ರೆಟರಿ ಏನೂ ಮುಚ್ಚಿಡಲಿಲ್ಲ.

"ಬಸ್ ಚಾರ್ಜು, ಮ್ಯಾಚ್ ದಿನ ಊಟ. ಅಷ್ಟೇ ಅಮ್ಮ."

"ಅಷ್ಟಕ್ಕೆ ಯಾಕ್ ಕಳಿಸ್ಲಿ ಸಾಮಿ?"

"ಅಲ್ಲಿ ಆಡಿದ್ರೆ ನಾಲ್ಕು ಜನ ನೋಡ್ತಾರೆ. ಅದಕ್ಕಿಂತ ಒಳ್ಳೇದು ಅವನಿಗೆ ಎಲ್ಲಿಂದಾದ್ರೂ ಬಂದ್ರೆ, ನಾನೇ ಕಳಿಸಿಕೊಡ್ತೀನಿ. ತಡೆಯೋದಿಲ್ಲ."

ಆ ತಾಯಿ ಸೊಪ್ಪು ಬಿಟ್ಟು ಕೈ ಒರೆಸಿಕೊಂಡು, "ವೀಣ್ಣಿ ಮೀ ಚೇತುಲ್ಲೋ ಪೆಡ್ತಾ ಉಂಡಾ ಸಾಮಿ" ಎಂದರು. ಇವನನ್ನು ನಿಮ್ಮ ಕೈಯಲ್ಲಿ ಇಡುತ್ತಿದ್ದೇನೆ, ಎಂದು. ಹಾಗೆ ಹೇಳುವಾಗ ಅವರು ನೋಡಿದ್ದು ಸೆಕ್ರೆಟರಿಯನ್ನೋ, ಇಬ್ಬರನ್ನೂ ಸೇರಿಸಿಯೋ ಎಂಬುದು ನನಗೆ ಸರಿಯಾಗಿ ನೆನಪಿಲ್ಲ. ತೆಲುಗಿನ 'ಮೀ' ಎಂದರೆ ಒಬ್ಬರಿಗೂ ಆಗುತ್ತದೆ, ಇಬ್ಬರಿಗೂ ಆಗುತ್ತದೆ.

ಮುನಿಕೃಷ್ಣ ಬಂದ ಮೇಲೆ ಮೂರು ವರ್ಷ ಕ್ಲಬ್ಬು ಲೀಗಿನಲ್ಲಿ ಹೇಗೋ ಉಳಿಯಿತು. ಗೋಲು ಹೊಡೆಯುವವರು ಇರಲಿಲ್ಲ. ಹೊಡೆಸಿಕೊಳ್ಳದೆ ಇರುವವನು ಒಬ್ಬನಿದ್ದ. ಸೆಕ್ರೆಟರಿ ಪೆನಾಲ್ಟಿ ನೋಡುತ್ತಿರಲಿಲ್ಲ. ಎದುರಾಳಿ ಚೆಂಡು ಇಟ್ಟ ಕೂಡಲೇ ಮೈದಾನಕ್ಕೆ ಬೆನ್ನು ಹಾಕಿ, ರಸ್ತೆಯಲ್ಲಿ ಹೋಗುವ ಲಾರಿಗಳನ್ನು ನೋಡುತ್ತಾ ನಿಲ್ಲುವರು. ಜನ ಕಿರುಚಿದರೆ ಹಿಡಿದಿದ್ದಾನೆ ಎಂದರ್ಥ. ಒಮ್ಮೆ ಯಾರೂ ಕಿರುಚಲಿಲ್ಲ. ಐದು ನಿಮಿಷವಾದರೂ ಅವರು ತಿರುಗಲಿಲ್ಲ. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಗಿತ್ತು, ನಾವು ಬಾಯಿ ತೆರೆದುಕೊಂಡು ನಿಂತಿದ್ದೆವು.

ಇಷ್ಟು ಅವರ ವಿಷಯ. ಇನ್ನು ಒಂದು ವಾರದ ವಿಷಯ ಹೇಳಬೇಕು. ಅದರಲ್ಲಿ ನಾನೂ ಇದ್ದೇನೆ.

ಆ ವರ್ಷ ಅವಕಾಶದ ಕೊನೆಯ ದಿನ ಒಂದು ಶನಿವಾರ. ಅದೇ ವಾರದ ಸೋಮವಾರ ಮಧ್ಯಾಹ್ನ ಮುನಿಕೃಷ್ಣ ಸ್ಟಾಫ್ ರೂಮಿಗೆ ಬಂದ. ಮಾಲೂರಿನ ಒಂದು ಕಾರ್ಖಾನೆಯ ತಂಡದವರು ಅವನನ್ನು ಕರೆದಿದ್ದರು. ತಂಡಕ್ಕೆ ಸೇರಿದರೆ ಅವರ ಸ್ಟೋರ್ಸಿನಲ್ಲಿ ಕಾಯಂ ಕೆಲಸ. ಶನಿವಾರದೊಳಗೆ ಬಿಡುಗಡೆ ಪತ್ರ ತಂದುಕೊಡದಿದ್ದರೆ ಆ ಜಾಗಕ್ಕೆ ಇನ್ನೊಬ್ಬ ಕೀಪರ್ ರೆಡಿ ಇದ್ದಾನೆ ಎಂದಿದ್ದರು.

"ಸೆಕ್ರೆಟರಿ ಈಗ ಇಲ್ಲ, ಬ್ಯಾಂಕಿಗೆ ಹೋಗಿದಾರಂತೆ. ಮಂಡಿಗೆ ತಡ ಆಗುತ್ತೆ ಸಾರ್. ಅರ್ಜಿ ನೀವೇ ಬರ್ದು ಅವರಿಗೆ ಕೊಟ್ಬಿಡಿ. ನನ್ ಕೈಬರಹ ಕೋಳಿ ಕೆದಕಿದಂಗೆ ಇರುತ್ತೆ," ಎಂದು ಒಂದು ಖಾಲಿ ಹಾಳೆಯ ಕೆಳಗೆ ಸಹಿ ಹಾಕಿ ಕೊಟ್ಟ. ಬೆರಳು ಮಡಿಚಿ ಎಣಿಸಿದ. "ಇವತ್ ಕೊಟ್ರೆ ಗುರುವಾರಕ್ಕೆ ಮೂರು ನಾಳೆ ಆಗುತ್ತೆ. ಗುರುವಾರ ಬಂದು ಇಸ್ಕೊಂಡ್ ಹೋಗ್ತೀನಿ."

"ನೀನು ಹೋಗು, ನಾನು ಕೊಡ್ತೀನಿ," ಎಂದೆ.

ಸಂಜೆ ಟೀ ಅಂಗಡಿಗೆ ಹೋದಾಗ ಆ ಹಾಳೆ ನನ್ನ ಅಂಗಿಯ ಜೇಬಿನಲ್ಲಿತ್ತು. ಬ್ಯಾಗಿನಲ್ಲಿತ್ತು ಎಂದು ಬಹಳ ದಿನ ನಂಬಿದ್ದೆ, ಜೇಬಿನಲ್ಲೇ ಇತ್ತು. ಅಲ್ಲಿ ಸಭೆ ಆಗಲೇ ಕಾವೇರಿತ್ತು.

"ಮುಳಬಾಗಿಲಿನ ಆ ಲೆಫ್ಟ್ ವಿಂಗ್ ಹುಡುಗನ್ನ ತರೋಣ," ಎಂದ ನಯಾಜ್. "ಓಡಿದ್ರೆ ಹಿಡಿಯೋರಿಲ್ಲ."

"ಓಡ್ತಾನೆ ಕಣೋ, ಬಾಲ್ ಬಿಟ್ಟು ಓಡ್ತಾನೆ," ಎಂದರು ನಾರಾಯಣಪ್ಪ, ಗಾಜಿನ ಲೋಟ ತೊಳೆಯುತ್ತಾ. "ಹೋದ್ಸಲ ನೋಡ್ಲಿಲ್ವೇನ್ಲಾ? ಬಾಲ್ ಹಿಂದೆ, ಇವನು ಮುಂದೆ."

"ಸರಿ, ಬಂಗಾರಪೇಟೆ ಸ್ಟಾಪರ್?"

"ಅವನಿಗೆ ಮೊಣಕಾಲು ಹೋಗಿದೆ."

"ನಮಗೆ ಮರ್ಯಾದೆನೇ ಹೋಗಿದೆ ಅಣ್ಣ, ಮೊಣಕಾಲೇನು!"

ಎಲ್ಲರೂ ನಕ್ಕರು. ನಯಾಜ್ ಫೋನಿನಲ್ಲಿ ಇಂಗ್ಲೆಂಡಿನ ಒಂದು ಕ್ಲಬ್ಬಿನ ಅಭಿಮಾನಿ. ಅದೂ ಹತ್ತು ವರ್ಷದಿಂದ ಬರೀ ಹಳೆಯ ಹೆಸರಿನ ಮೇಲೆ ನಡೆಯುತ್ತಿತ್ತು. ಸೆಕ್ರೆಟರಿ ಪೆನ್ನು ಎತ್ತಿ ಅವನನ್ನು ಕೇಳಿದರು: "ನಿಮ್ ಇಂಗ್ಲೆಂಡ್ ಕ್ಲಬ್ಬಿಗೆ ಆ ಸ್ಪೇನಿನೋನು ಬಂದ್ನೇನಪ್ಪ?"

"ಎಲ್ಲಿ ಸಾರ್! ದೊಡ್ಡ ಕಪ್ಪಿಗೆ ಕ್ವಾಲಿಫೈ ಆಗದೇ ಇರೋ ಕ್ಲಬ್ಬಿಗೆ ಬರಲ್ಲ ಅಂದ್ನಂತೆ."

"ನೇರವಾಗಿ ಹೇಳಿದಾನೆ. ನಮ್ಮೋರು ಅಜ್ಜಿಗೆ ಹುಷಾರಿಲ್ಲ ಅಂತಾರೆ."

ಮತ್ತೆ ನಗು. ಆಗ ನಾರಾಯಣಪ್ಪ ಒಂದು ಮಾತು ಹೇಳಿದರು, ತಮಾಷೆಯಲ್ಲದ ದನಿಯಲ್ಲಿ. "ಏನೇ ಹೇಳ್ರಪ್ಪಾ, ಮುನಿಕೃಷ್ಣ ಇರೋವರೆಗೂ ನಾವು ಒಂದು ಟೀಮು. ಅವನು ಹೋದ್ರೆ ಇದು ಬರೀ ಟೀ ಅಂಗಡಿ."

ನಾನು ಜೇಬಿನಿಂದ ಹಾಳೆ ತೆಗೆಯಲಿಲ್ಲ. ಸೆಕ್ರೆಟರಿ ನನ್ನಿಂದ ಎರಡು ಮೊಳ ದೂರದಲ್ಲಿದ್ದರು.

ಮಂಗಳವಾರ ಟೆಸ್ಟ್ ಪೇಪರುಗಳನ್ನು ತಿದ್ದುವುದಿತ್ತು. ಬುಧವಾರ ನೆಂಟರ ಮನೆಯ ಕೆಲಸಕ್ಕೆ ಮುಳಬಾಗಿಲಿಗೆ ಹೋಗಿದ್ದೆ. ಇವೆರಡೂ ನಿಜ. ಆದರೆ ಅರ್ಜಿ ಎಂದರೆ ನಾಲ್ಕು ಸಾಲು. ಮರೆತೆನೇ, ಸೋಮಾರಿಯಾದೆನೇ, ಬೇಕೆಂದೇ ಮಾಡಿದೆನೇ ಎಂದು ನನ್ನನ್ನು ನಾನೇ ಬಹಳ ಸಲ ವಿಚಾರಣೆ ಮಾಡಿಕೊಂಡಿದ್ದೇನೆ. ಪ್ರತಿ ಸಲ ಬೇರೆ ಉತ್ತರ ಬರುತ್ತದೆ. ಅದಕ್ಕೇ ಉತ್ತರವನ್ನು ಬಿಟ್ಟು ಬುಧವಾರ ಸಂಜೆ ಆದದ್ದನ್ನು ಮಾತ್ರ ಹೇಳುತ್ತೇನೆ.

ಆ ಸಂಜೆ ಸೆಕ್ರೆಟರಿ ಬಂದಿರಲಿಲ್ಲ. ಮಾಲೂರಿನವರು ಮುನಿಕೃಷ್ಣನನ್ನು ಕೇಳುತ್ತಿದ್ದಾರೆ ಎಂಬ ಸುದ್ದಿ ಹೇಗೋ ಅಂಗಡಿಗೆ ತಲುಪಿತ್ತು. ನಾರಾಯಣಪ್ಪ ಸ್ಟೌ ಆರಿಸಿ ಬಂದು ಕೂತಿದ್ದರು. ನಯಾಜ್ ಮಾತ್ರ ಬೆಂಚಿನ ಮೇಲೆ ಒಂದು ಕಾಲಿಟ್ಟು ಲೆಕ್ಕ ಹಾಕಿದ.

"ಅರ್ಜಿ ಬಂದಿದ್ರೆ ಅವನು ಇಷ್ಟೊತ್ತಿಗೆ ಎರಡು ಸಲ ಕಾಲೇಜ್ ಕಿಟಕಿ ಹತ್ರ ಬಂದು ಹೋಗಬೇಕಿತ್ತು. ನಾನ್ ದಿನಾ ಅಲ್ಲೇ ಆಟೋ ನಿಲ್ಸೋದು, ಕಂಡಿಲ್ಲ. ನಾಳೆ ಕೊಡ್ತಾನೆ ಅಂತಾನೇ ಇಟ್ಕೊಳ್ಳಿ. ಶುಕ್ರ, ಶನಿ, ಭಾನು. ಭಾನುವಾರ ಅಂಗಡಿ ಬಂದ್! ಸೆಕ್ರೆಟರಿ ಮೂರು ನಾಳೆ ಬಿಡ್ತಾರಾ? ಹೋದ್ ವರ್ಷ ಬ್ಯಾಕ್ ಆಡ್ತಿದ್ದ ಮಂಜ ಕೊನೇ ಎರಡು ದಿನ ಇದ್ದಾಗ ಬಂದು ಅತ್ರೂ ಬಿಡ್ಲಿಲ್ಲ."

ಎಲ್ಲರೂ ಬೆಂಚು ಬಡಿದು ನಕ್ಕರು. ನಾನೂ ನಕ್ಕೆ. ನನ್ನ ನೆನಪಿನ ಬಗ್ಗೆ ಇಷ್ಟೆಲ್ಲ ಅನುಮಾನವಿದ್ದರೂ, ಆ ನಗು ನನ್ನದೇ ಎಂಬುದರಲ್ಲಿ ಅನುಮಾನವಿಲ್ಲ.

ಗುರುವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಸೆಕ್ರೆಟರಿ ಸ್ಟಾಫ್ ರೂಮಿಗೆ ಬಂದರು. ಬೇರೆ ಯಾರೂ ಇರಲಿಲ್ಲ. ಕಂಕುಳಲ್ಲಿ ಆವಕ ಪುಸ್ತಕ. ಬಾಗಿಲು ಸ್ವಲ್ಪ ಮುಂದಕ್ಕೆ ಎಳೆದರು.

"ಮುನಿಕೃಷ್ಣ ಬಂದು ಕಿಟಕಿ ಹತ್ರ ನಿಂತಿದಾನೆ ಮೇಷ್ಟ್ರೇ. ಬಿಡುಗಡೆ ಪತ್ರ ಇಸ್ಕೊಂಡು ಹೋಗೋಕೆ."

ನಾನು ಏನೋ ಹೇಳಲು ಹೋದೆ. ಟೆಸ್ಟ್ ಪೇಪರ್ ಎಂದೆನೋ, ಮುಳಬಾಗಿಲು ಎಂದೆನೋ.

"ಕಾಗದ ಎಲ್ಲಿದೆ?"

ತೆಗೆದು ಮೇಜಿನ ಮೇಲೆ ಇಟ್ಟೆ. ನಾಲ್ಕು ಮಡಿಕೆಯ ಹಾಳೆ, ಕೆಳಗೆ ಅವನ ಸಹಿ, ಮೇಲೆಲ್ಲ ಖಾಲಿ. ಅವರು ಅದನ್ನು ಅಂಗೈಯಿಂದ ಉಜ್ಜಿ ಮಡಿಕೆ ಬಿಡಿಸಿದರು.

"ಬರೀರಿ."

ಬರೆದೆ. ಅವರು ಪಕ್ಕದಲ್ಲಿ ನಿಂತೇ ಇದ್ದರು. ನಾಲ್ಕು ಸಾಲು ಮುಗಿಸಿ ತಾರೀಖಿನ ಹತ್ತಿರ ಪೆನ್ನು ನಿಂತಿತು.

"ಸೋಮವಾರದ್ದು ಹಾಕಿ," ಎಂದರು.

"ಸಾರ್, ಇವತ್ತು..."

"ನಾನು ಗುಮಾಸ್ತ ಮೇಷ್ಟ್ರೇ. ಇವತ್ತು ಯಾವ ವಾರ ಅಂತ ನನಗೆ ಗೊತ್ತು."

ಹಾಕಿದೆ. ಅವರು ಎದುರು ಕುರ್ಚಿಯಲ್ಲಿ ಕೂತು ಆವಕ ಪುಸ್ತಕ ತೆರೆದರು. ಅದರಲ್ಲಿದ್ದ ಕೊನೆಯ ನಮೂದು ಒಂದು ತಿಂಗಳು ಹಳೆಯದು. ನಡುವೆ ಜಾಗ ಹುಡುಕುವ ತೊಂದರೆಯೇನೂ ಇರಲಿಲ್ಲ. ಆದರೂ ಅವರು ಬಹಳ ಹೊತ್ತು ಬರೆಯಲಿಲ್ಲ. ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ತೆಗೆದರು. ಆಮೇಲೆ ಬರೆದರು. ಬರೆದು, ಶಾಯಿಯ ಮೇಲೆ ಊದಿ, ಪುಸ್ತಕ ಮುಚ್ಚಿದರು.

ನಾನು ಬೈಗುಳಕ್ಕೆ ಕಾಯುತ್ತಿದ್ದೆ. ಅವರು ಬೈಯಲಿಲ್ಲ. ಬಾಗಿಲ ಹತ್ತಿರ ನಿಂತು ಒಂದೇ ಮಾತು ಹೇಳಿದರು.

"ಆ ತಾಯಿಗೆ ಮಾತು ಕೊಟ್ಟಾಗ ನೀವೂ ಇದ್ರಿ."

ಆ ಅರ್ಜಿಯನ್ನು ಗುರುವಾರದ್ದು ಎಂದು ತೆಗೆದುಕೊಂಡು, ನಿಯಮ ಮುರಿದು ಅಂದೇ ಪತ್ರ ಕೊಡಬಹುದಿತ್ತು. ಯಾಕೆ ಕೊಡಲಿಲ್ಲ ಎಂದು ಯೋಚಿಸಿದ್ದೇನೆ. ಹಾಗೆ ಮಾಡಿದರೆ ಹೋದ ವರ್ಷದ ಮಂಜನಿಗೆ ಹೇಳಲು ಏನೂ ಉಳಿಯುತ್ತಿರಲಿಲ್ಲ. ಮೂರು ದಿನ ಕಾಗದ ಯಾರ ಬಳಿ ಇತ್ತು ಎಂಬುದೂ ಹೊರಗೆ ಬರುತ್ತಿತ್ತು. ಬಿಡುಗಡೆ ಕೊಡದೆಯೂ ಇರಬಹುದಿತ್ತು. ಕ್ಲಬ್ಬು ಉಳಿಯುತ್ತಿತ್ತು, ನಿಯಮವೂ ಉಳಿಯುತ್ತಿತ್ತು, ಯಾರೂ ಅವರನ್ನು ದೂರುತ್ತಿರಲಿಲ್ಲ. ಇದೆಲ್ಲ ನನ್ನ ಊಹೆ. ಅವರು ಪುಸ್ತಕದಲ್ಲಿ ಬರೆಯುವ ಮೊದಲು ಮುಚ್ಚಳ ತೆಗೆದು ಹಾಕಿ ಮಾಡಿದ್ದಷ್ಟೇ ನಾನು ಕಂಡದ್ದು.

ಅಂದು ಸಂಜೆ ಅಂಗಡಿಯಲ್ಲಿ ಗಲಾಟೆಯಾಯಿತು. ಬಿಡುಗಡೆ ಪತ್ರ ಹಿಡಿದು ಮುನಿಕೃಷ್ಣ ಮಾಲೂರಿಗೆ ಹೋಗಿಯಾಗಿತ್ತು.

"ಮೂರು ನಾಳೆ ಎಲ್ಲಿ ಹೋಯ್ತು ಸೆಕ್ರೆಟರಿ ಸಾರ್?" ಎಂದು ನಯಾಜ್ ಕೂಗಿದ. "ಮಂಜನಿಗೊಂದು ನ್ಯಾಯ, ಇವನಿಗೊಂದಾ?"

ಸೆಕ್ರೆಟರಿ ಪುಸ್ತಕ ತೆರೆದು ಬೆಂಚಿನ ಮೇಲೆ ಇಟ್ಟರು. ನಯಾಜ್ ಓದಿದ. ಸೋಮವಾರ. ತಂದುಕೊಟ್ಟವರು ಎಂಬ ಜಾಗದಲ್ಲಿ ನನ್ನ ಹೆಸರು.

ಅವನು ನನ್ನ ಕಡೆ ತಿರುಗಿದ. "ಆಹಾ ಮೇಷ್ಟ್ರೇ! ಸೋಮವಾರ ಕಾಗದ ಕೊಟ್ಟು, ಸೋಮವಾರ ಸಂಜೇನೇ ನಮ್ ಜೊತೆ ಕೂತು ಟೀ ಕುಡಿದ್ರಾ? ಬುಧವಾರ ನಾನು ಲೆಕ್ಕ ಹಾಕ್ವಾಗ ಒಳಗೊಳಗೇ ನಗ್ತಾ ಇದ್ರಾ? ಏನ್ ಓದಿದ್ರೆ ಏನು ಬಂತು ನಿಮಗೆ!"

"ಅರ್ಜಿ ವಿಷಯ ಹೊರಗೆ ಹೇಳಬಾರದು ಅಂತ ನಾನೇ ಹೇಳಿದ್ದೆ," ಎಂದರು ಸೆಕ್ರೆಟರಿ. "ಅವರನ್ನ ಬೈಬೇಡ. ಬೈಯೋದಿದ್ರೆ ನನ್ನ ಬೈ."

ಅವನು ಇಬ್ಬರನ್ನೂ ಬೈದ.

ಆ ವರ್ಷ ಕೀಪರ್ ಜಾಗದಲ್ಲಿ ಮಂಡಿಯಲ್ಲಿ ಟೊಮೇಟೊ ಬಾಕ್ಸ್ ಎತ್ತುವ ಒಬ್ಬನನ್ನು ನಿಲ್ಲಿಸಿದೆವು. ಅವನು ಬಂದ ಚೆಂಡನ್ನೆಲ್ಲ ಎರಡೂ ಕೈಯಲ್ಲಿ ಜೋಪಾನವಾಗಿ ಹಿಡಿಯುತ್ತಿದ್ದ. ಹಿಡಿಯುವಾಗ ಗೋಲಿನ ಗೆರೆಯ ಒಳಗಿರುತ್ತಿದ್ದ. ಮುಂದಿನ ವರ್ಷ ಹನ್ನೊಂದು ಜನ ಆಗಲಿಲ್ಲ. ಕ್ಲಬ್ಬು ಲೀಗಿನಿಂದ ಹೊರಗೆ ಬಂತು. ಸೆಕ್ರೆಟರಿ ನಿವೃತ್ತರಾದರು. ಆ ಹದಿನೈದು ದಿನ ಬಂದರೆ ಆಮೇಲೂ ಸಂಜೆ ಆರಕ್ಕೆ ಅಂಗಡಿಗೆ ಬಂದು ಎರಡು ಕಾಲಂ ಎಳೆದುಕೊಂಡು ಕೂರುತ್ತಿದ್ದರಂತೆ. ಬಂದವರು ಹೇಳಿದ ಹೆಸರುಗಳನ್ನು ಬರೆದುಕೊಳ್ಳುತ್ತಿದ್ದರಂತೆ. ನಾನು ಅಷ್ಟು ಹೊತ್ತಿಗೆ ಆ ಕಾಲೇಜು ಬಿಟ್ಟು ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹೋಗಿದ್ದೆ. ಅವರನ್ನು ನೋಡಲು ಹೋಗಬೇಕು ಎಂದು ಪ್ರತಿ ವರ್ಷ ಅಂದುಕೊಂಡೆ.

ಹೋದದ್ದು ಹನ್ನೊಂದನೆಯ ದಿನದ ಕಾರ್ಯಕ್ಕೆ. ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಮುನಿಕೃಷ್ಣ ಮಾಲೂರಿನಿಂದ ಹೆಂಡತಿ, ಮಗುವನ್ನು ಕರೆದುಕೊಂಡು ಬಂದಿದ್ದ. ಈಗ ಸ್ಟೋರ್ಸಿನಲ್ಲಿ ಅವನ ಕೈಕೆಳಗೆ ಇಬ್ಬರಿದ್ದಾರಂತೆ. ಯಲ್ದೂರಿನಲ್ಲಿ ತಾಯಿಗೆ ಮನೆ ಕಟ್ಟಿಸಿದ್ದಾನೆ. ಯಾರೂ ಹೇಳದಿದ್ದರೂ ಪಂಚೆ ಎತ್ತಿ ಕಟ್ಟಿ ಬಡಿಸಲು ನಿಂತಿದ್ದ.

ಊಟದ ನಡುವೆ ಸೆಕ್ರೆಟರಿಯ ಹೆಂಡತಿ ಒಂದು ಕೈಚೀಲ ತಂದು ನಯಾಜ್‌ನ ಪಕ್ಕದಲ್ಲಿ ಇಟ್ಟರು. "ಕ್ಲಬ್ಬಿನ ಸಾಮಾನಪ್ಪ. ನಿನಗೇ ಕೊಡಬೇಕು ಅಂದಿದ್ರು." ಒಳಗೆ ಮೊಹರು, ಚೆಂಡಿಗೆ ಗಾಳಿ ತುಂಬುವ ಪಂಪು, ಆವಕ ಪುಸ್ತಕ. ನಯಾಜ್ ಎಡಗೈಯಲ್ಲಿ ಪುಸ್ತಕ ತೆಗೆದು, ಹಾಳೆ ಮಗುಚಿ, ಒಂದು ಕಡೆ ನಿಲ್ಲಿಸಿ ನನ್ನ ಎಲೆಯ ಪಕ್ಕಕ್ಕೆ ಹಿಡಿದ.

"ನೋಡಿ ಸಾರ್, ಸಾಕ್ಷಿ ಇಲ್ಲೇ ಇದೆ. ನಮ್ ಕ್ಲಬ್ ಮುಳುಗ್ಸಿದ್ದು ನೀವೇ." ಈಗ ಅವನ ದನಿಯಲ್ಲಿ ಕೋಪವಿರಲಿಲ್ಲ.

"ಸುಮ್ನಿರಿ ನಯಾಜಣ್ಣ," ಎಂದ ಮುನಿಕೃಷ್ಣ, ಪಾಯಸದ ಬಕೆಟ್ಟು ಹಿಡಿದು ನನ್ನ ಮುಂದೆ ನಿಂತು. "ಸಾರ್ ಅವತ್ತೇ ಕೊಡದೇ ಇದ್ದಿದ್ರೆ ನಾನು ಇವತ್ತೂ ಮಾವಿನಕಾಯಿ ಆರಿಸ್ತಾ ಇರ್ತಿದ್ದೆ. ನಮ್ಮಮ್ಮ ಇವತ್ತಿಗೂ ಸೆಕ್ರೆಟರಿ ಹೆಸರಿನ ಜೊತೆ ಇವರ ಹೆಸರೂ ಸೇರಿಸೇ ಹೇಳೋದು."

ಅವನು ಪಾಯಸ ಬಡಿಸಿದ.

"ಅದು ಸೋಮವಾರ ಅಲ್ಲ," ಎಂದೆ. "ನಾನು ಕೊಟ್ಟಿದ್ದು ಗುರುವಾರ. ಮೂರು ದಿನ ನನ್ನ ಜೇಬಲ್ಲೇ ಇತ್ತು. ಬರೆದೇ ಇರಲಿಲ್ಲ."

ಮುನಿಕೃಷ್ಣ ನಕ್ಕುಬಿಟ್ಟ. "ಹೊಗಳಿದ್ರೆ ಸಾರ್‌ಗೆ ಆಗಲ್ಲ," ಎಂದು ನಯಾಜ್‌ಗೆ ಹೇಳಿದ.

ನಯಾಜ್ ನಗಲಿಲ್ಲ. ಪುಸ್ತಕವನ್ನು ಒಮ್ಮೆ ನೋಡಿದ, ನನ್ನನ್ನು ಒಮ್ಮೆ ನೋಡಿದ.

"ನಾನು ಬೈತೀನಿ ಅಂತ ಈಗ ಹಿಂಗ್ ತಿರುಗಿಸ್ಬೇಡಿ ಸಾರ್. ಇಷ್ಟು ವರ್ಷ ಅವರು ಒಬ್ಬರೇ ಬರೆದಿರೋ ಬುಕ್ಕು ಇದು. ಒಂದು ಚಿತ್ತು ಇಲ್ಲ. ಸೆಕ್ರೆಟರಿ ಸುಳ್ಳು ಬರೀತಾರಾ?"

ಅವರ ಹೆಂಡತಿ ಅಲ್ಲೇ ನಿಂತಿದ್ದರು. ಪಂಕ್ತಿಯಲ್ಲಿ ಅಕ್ಕಪಕ್ಕದವರೂ ಕೈ ನಿಲ್ಲಿಸಿ ನನ್ನ ಕಡೆ ನೋಡುತ್ತಿದ್ದರು.

"ಇಲ್ಲ," ಎಂದೆ. "ಬರೆಯೋರಲ್ಲ."